ಪಡುಕೆರೆ, ಕಾಪು, ಸೋಮೇಶ್ವರದ ಕಪ್ಪು ಮರಳಲ್ಲಿ ರೇರ್ ಅರ್ತ್ ಉಂಟಾ? ಗಣಿ ನಮ್ಮಲ್ಲಿಗೂ ಬರ್ತದಾ?

ಪಡುಕೆರೆ ದೋಣಿ
ಮಳೆಗಾಲದ ಕೊನೆಗೆ ನಮ್ಮ ತೀರದಲ್ಲಿ ಕಪ್ಪು ಮರಳಿನ ಪಟ್ಟಿ ಕಾಣ್ತದಲ್ಲ, ಅದರ ಫೋಟೊ ಹಾಕಿ ಒಂದು ಮೆಸೇಜು ಎಲ್ಲ ಗ್ರೂಪುಗಳಲ್ಲಿ ಓಡ್ತಾ ಉಂಟು. "ಇದರಲ್ಲಿ ಕೋಟಿಗಟ್ಟಲೆ ಬೆಲೆಯ ರೇರ್ ಅರ್ತ್ ಉಂಟು, ಚೀನಾ ರಫ್ತು ಬಿಗಿ ಮಾಡಿದ ಕಾರಣ ಇನ್ನು ನಮ್ಮ ಕಡಲ ಕರೆಯನ್ನು ಅಗೆಯುತ್ತಾರೆ" ಅಂತ. ಕೆಲವರಿಗೆ ಖುಷಿ, ಮೀನುಗಾರಿಕೆಯವರಿಗೆ ಹೆದರಿಕೆ.

ವಿಷಯ ಗೊತ್ತಿರುವವರು ಇಲ್ಲಿ ಇದ್ದೀರಿ, ಬಿಡಿಸಿ ಹೇಳಿ. ನಮ್ಮ ಕಪ್ಪು ಮರಳಲ್ಲಿ ನಿಜಕ್ಕೂ ಎಂತ ಉಂಟು? ಕೇರಳದಲ್ಲಿ ತೆಗೆಯುತ್ತಾರೆ, ಇಲ್ಲಿಗೂ ಬರಬಹುದಾ? ಬಂದರೆ ಕಡಲ್ಕೊರೆತ, ಬಾವಿ ನೀರು, ಮೀನು ಏನಾಗ್ತದೆ? ಇನ್ನೊಂದು, ನಮ್ಮ ದೇಶದಲ್ಲಿ ಇಷ್ಟು ಉಂಟು ಅಂತಾದರೆ ಚೀನಾದ ಎದುರು ಯಾಕೆ ಕೈಕಟ್ಟಿ ನಿಲ್ಲಬೇಕು?

ಮುರಕಲ್ಲು
ಮೊದಲು ಮರಳು. ರೇರ್ ಅರ್ತ್, ಎಂದರೆ ಮೋಟಾರಿನ ಮ್ಯಾಗ್ನೆಟಿಗೆಲ್ಲ ಬೇಕಾಗುವ ಲೋಹಗಳು, ಇರುವ ಖನಿಜ ಮೊನಾಜೈಟ್. ಅದು ಕಪ್ಪಲ್ಲ, ಜೇನಿನ ಬಣ್ಣದ ಉರುಟು ಕಾಳು. ನಮ್ಮ ಕಡೆಯ ಕಪ್ಪು ಪಟ್ಟಿಯಲ್ಲಿ ಇರುವುದು ಹೆಚ್ಚಾಗಿ ಮ್ಯಾಗ್ನೆಟೈಟ್, ಇಲ್ಮನೈಟ್, ಹಾರ್ನ್‌ಬ್ಲೆಂಡ್ ಎಂಬ ಕಬ್ಬಿಣದಂಶದ ಖನಿಜಗಳು. ಮಳೆಗಾಲದ ತೆರೆ ಹಗುರ ಮರಳನ್ನು (ಬೆಣಚಿನ ಸಾಂದ್ರತೆ 2.65) ಒಳಗೆ ಎಳೆದುಕೊಂಡು ಹೋಗ್ತದೆ, ಭಾರದ್ದು (ಇಲ್ಮನೈಟ್ 4.7, ಮ್ಯಾಗ್ನೆಟೈಟ್ 5.2) ದಡದಲ್ಲೇ ಕೂರ್ತದೆ. ಮಳೆ ಬಿಟ್ಟ ಮೇಲೆ ಬಿಳಿ ಮರಳು ಹಿಂದೆ ಬಂದು ಅದನ್ನು ಮುಚ್ಚುತ್ತದೆ. ಮೇಲಿನಿಂದ ಇಡೀ ಕರೆ ಕಪ್ಪು ಕಂಡರೂ ಪದರ ತೆಳು.

ಮನೆಯಲ್ಲೇ ನೋಡಬೇಕಾದರೆ: ಒಣಗಿದ ಮರಳನ್ನು ಬಿಳಿ ಕಾಗದದ ಮೇಲೆ ಹರಡಿ, ಹಳೆ ಸ್ಪೀಕರಿನ ಮ್ಯಾಗ್ನೆಟನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿ ಮೇಲಿನಿಂದ ಆಡಿಸಿ. ತಟ್ಟನೆ ಹಾರಿ ಅಂಟುವುದು ಮ್ಯಾಗ್ನೆಟೈಟ್. ಉಳಿದದ್ದಕ್ಕೆ ಹಾರ್ಡ್ ಡಿಸ್ಕಿನ ನಿಯೋಡಿಮಿಯಂ ಮ್ಯಾಗ್ನೆಟ್ ಹಿಡಿದರೆ ಇಲ್ಮನೈಟ್ ನಿಧಾನಕ್ಕೆ ಬರ್ತದೆ. ಕೊನೆಗೆ ಉಳಿಯುವ ಹಳದಿ ಕಾಳನ್ನು ಲೆನ್ಸಿನಲ್ಲಿ ನೋಡಿ ಮೊನಾಜೈಟ್ ಅಂತ ತೀರ್ಮಾನ ಮಾಡಬೇಡಿ, ಎಪಿಡೋಟ್, ಜಿರ್ಕಾನ್ ಕೂಡ ಹಾಗೇ ಕಾಣ್ತದೆ. ಖಾತ್ರಿಗೆ ಗಾಮಾ ಸ್ಪೆಕ್ಟ್ರೋಮೀಟರ್ ಬೇಕು, ಮೊನಾಜೈಟಿನೊಳಗೆ ವಿಕಿರಣಶೀಲ ಥೋರಿಯಂ ಇರುವುದರಿಂದ 2.614 ಎಂಇವಿಯಲ್ಲಿ ಅದರ ಸರಣಿಯ ಗುರುತು ಎದ್ದು ಕಾಣ್ತದೆ.

ಕೇರಳದ ಚವರದಲ್ಲಿ ಇರುವುದು ಇಲ್ಲಿ ಯಾಕಿಲ್ಲ ಅಂದರೆ ಹಿಂದಿನ ಬೆಟ್ಟದ ಕಲ್ಲು ಬೇರೆ. ದಕ್ಷಿಣ ಕೇರಳದ ನದಿಗಳು ಖೋಂಡಲೈಟ್, ಚಾರ್ನೋಕೈಟ್, ಪೆಗ್ಮಟೈಟ್ ಕಲ್ಲನ್ನು ಸವೆಸಿಕೊಂಡು ಬರುತ್ತವೆ, ಮೊನಾಜೈಟ್ ಅದರೊಳಗೆ ಇರುವುದು. ನಮ್ಮ ಹಿಂದೆ ನೈಸ್ ಕಲ್ಲು, ಕುದುರೆಮುಖ ಸಾಲಿನ ಕಬ್ಬಿಣದ ಪದರ. ನದಿ ಏನು ತರುತ್ತದೋ ಕಡಲು ಅದನ್ನೇ ಜಾಲಿಸುತ್ತದೆ.

ಪರಮಾಣು ಖನಿಜ ನಿರ್ದೇಶನಾಲಯ ದೇಶದಲ್ಲಿ 1.315 ಕೋಟಿ ಟನ್ ಮೊನಾಜೈಟ್ ಅಂದಾಜು ಮಾಡಿದೆ, ಅದರಲ್ಲಿ 72.3 ಲಕ್ಷ ಟನ್ ರೇರ್ ಅರ್ತ್ ಆಕ್ಸೈಡ್. ಆ ರಾಜ್ಯಗಳು ಆಂಧ್ರ, ಒಡಿಶಾ, ತಮಿಳುನಾಡು, ಕೇರಳ, ಪಶ್ಚಿಮ ಬಂಗಾಳ, ಜಾರ್ಖಂಡ್, ಗುಜರಾತ್, ಮಹಾರಾಷ್ಟ್ರ. ಪಟ್ಟಿಯಲ್ಲಿ ಕರ್ನಾಟಕ ಇಲ್ಲ.

ಬೈಂದೂರು ಮಳೆ
ಇಲ್ಲ ಯಾಕೆ? ಮಂಡ್ಯದಲ್ಲಿ ಲೀಥಿಯಂ ಸಿಕ್ಕಿತು ಅಂತ ಪೇಪರಲ್ಲಿ ಬಂದಿತ್ತಲ್ಲ.

ಮುರಕಲ್ಲು
ಮಂಡ್ಯದ ಮರಳಗಾಲದ್ದು 1,600 ಟನ್ ಲೀಥಿಯಂ ಅಂದಾಜು. ಲೀಥಿಯಂ ರೇರ್ ಅರ್ತ್ ಅಲ್ಲ, ಅದು ಬ್ಯಾಟರಿಗೆ. ರೇರ್ ಅರ್ತ್ ಅಂದರೆ ಲ್ಯಾಂಥನಂನಿಂದ ಲುಟೇಶಿಯಂವರೆಗಿನ 15, ಜೊತೆಗೆ ಸ್ಕ್ಯಾಂಡಿಯಂ, ಯಿಟ್ರಿಯಂ, ಒಟ್ಟು 17. ಟಿವಿಯಲ್ಲಿ ಎರಡನ್ನೂ ಒಂದೇ ಉಸಿರಲ್ಲಿ ಹೇಳುವುದರಿಂದ ಜನ ಒಂದೇ ಅಂದುಕೊಳ್ತಾರೆ.

ಕಾಪು ದೀಪಸ್ತಂಭ
ಚೀನಾ "ರಫ್ತು ನಿಲ್ಲಿಸಿತು" ಅಂತಲೇ ಕೆಲವರು ಹೇಳ್ತಾರೆ, ಅದು ಸರಿಯಲ್ಲ. 2025ರ ಏಪ್ರಿಲ್ 4ರಂದು ಸಮೇರಿಯಂ, ಗ್ಯಾಡೋಲಿನಿಯಂ, ಟೆರ್ಬಿಯಂ, ಡಿಸ್ಪ್ರೋಸಿಯಂ, ಲುಟೇಶಿಯಂ, ಸ್ಕ್ಯಾಂಡಿಯಂ, ಯಿಟ್ರಿಯಂ ಈ ಏಳನ್ನೂ ಇವುಗಳಿಂದ ಮಾಡಿದ ಮ್ಯಾಗ್ನೆಟನ್ನೂ ಪರವಾನಗಿ ಪಟ್ಟಿಗೆ ಹಾಕಿತು. ಕೊಳ್ಳುವವನು ಯಾರು, ಯಾವ ವಸ್ತುವಿಗೆ, ಮಿಲಿಟರಿ ಬಳಕೆ ಉಂಟೋ ಇಲ್ಲವೋ ಎಂಬ ಪ್ರಮಾಣಪತ್ರ ಕೊಡಬೇಕು. ಕಾಗದ ತಿಂಗಳುಗಟ್ಟಲೆ ಕೂತರೆ ಕಾರ್ಖಾನೆಯ ಲೈನು ನಿಲ್ಲುತ್ತದೆ, ಅಷ್ಟೇ ಸಾಕು. ಅಕ್ಟೋಬರ್ 9ಕ್ಕೆ ಇನ್ನೂ ಐದು ಧಾತು ಸೇರಿಸಿ, ಬೇರೆ ದೇಶದಲ್ಲಿ ತಯಾರಾದ ವಸ್ತುವಿನ ಬೆಲೆಯಲ್ಲಿ ಚೀನಾದ ರೇರ್ ಅರ್ತ್ ಪಾಲು ಶೇ. 0.1 ಇದ್ದರೂ ತನ್ನ ಅನುಮತಿ ಬೇಕು ಎಂದಿತು. ಅಕ್ಟೋಬರ್ 30ರಂದು ಬುಸಾನಿನಲ್ಲಿ ಟ್ರಂಪ್-ಷಿ ಭೇಟಿಯಾದ ಮೇಲೆ ಈ ಎರಡನೇ ಕಂತನ್ನು ಒಂದು ವರ್ಷ ತಡೆಹಿಡಿದರು. ಏಪ್ರಿಲಿನ ಪಟ್ಟಿ ಹಾಗೇ ಉಳಿಯಿತು.

ಇದು ಹೊಸ ಆಟವಲ್ಲ. 2010ರ ಸೆಪ್ಟೆಂಬರಿನಲ್ಲಿ ಸೆಂಕಾಕು ದ್ವೀಪದ ಹತ್ತಿರ ಚೀನಾದ ಮೀನುಗಾರಿಕಾ ದೋಣಿ ಜಪಾನಿನ ಕರಾವಳಿ ಪಡೆಯ ಹಡಗಿಗೆ ಡಿಕ್ಕಿ ಹೊಡೆದಾಗ ಜಪಾನಿಗೆ ಹೋಗುವ ರೇರ್ ಅರ್ತ್ ಸರಕು ನಿಂತಿತ್ತು. ಜಪಾನ್ ಮರುವರ್ಷವೇ ಆಸ್ಟ್ರೇಲಿಯಾದ ಲೈನಸ್ ಕಂಪನಿಗೆ 25 ಕೋಟಿ ಡಾಲರ್ ಹಾಕಿತು. ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ 2014ಕ್ಕೆ ಚೀನಾ ಸೋತು, 2015ರಲ್ಲಿ ರಫ್ತಿನ ಕೋಟಾ ತೆಗೆಯಿತು. ಆದರೆ ಅಷ್ಟರಲ್ಲಿ ಬೆಲೆ ಬಿದ್ದು ಅಮೆರಿಕದ ರೇರ್ ಅರ್ತ್ ಕಂಪನಿ ಮಾಲಿಕಾರ್ಪ್ ದಿವಾಳಿ. ಬೆಲೆ ಏರಿಸಿ ಹೆದರಿಸುವುದು, ಬೆಲೆ ಇಳಿಸಿ ಪ್ರತಿಸ್ಪರ್ಧಿಯನ್ನು ಮುಗಿಸುವುದು, ಎರಡೂ ಅವರ ಕೈಯಲ್ಲಿ ಉಂಟು. ಹಾಗಾಗಿಯೇ 2025ರ ಜುಲೈಯಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಅಲ್ಲಿಯ ರೇರ್ ಅರ್ತ್ ಕಂಪನಿ ಎಂಪಿ ಮೆಟೀರಿಯಲ್ಸ್‌ಗೆ ನಿಯೋಡಿಮಿಯಂ-ಪ್ರೇಸಿಯೋಡಿಮಿಯಂ ಕೆ.ಜಿ.ಗೆ 110 ಡಾಲರ್ ತಳದ ಬೆಲೆ ಬರೆದುಕೊಟ್ಟಿತು.

ಉರ್ವ ಮಾರಿಗುಡಿ ರಸ್ತೆ
ಅಷ್ಟೆಲ್ಲ ಯಾಕೆ ಮಾರಾಯ್ರೆ? ನಮ್ಮದು ನಾವೇ ತೆಗೆದರೆ ಮುಗೀತು. ಮೂರನೇ ಅತಿದೊಡ್ಡ ನಿಕ್ಷೇಪ ನಮ್ಮದು ಅಂತಾರೆ. ಪರಿಸರ ಪರಿಸರ ಅಂತ ಎಲ್ಲದಕ್ಕೂ ಅಡ್ಡ ಹಾಕಿದರೆ ದೇಶ ಎಲ್ಲಿಗೆ ಹೋಗುವುದು?

ಬೈಕಂಪಾಡಿ ಆ್ಯಸಿಡ್
ತೆಗೆಯುವುದು ಇದರಲ್ಲಿ ಅತಿ ಸುಲಭದ ಕೆಲಸ. ಒಂದು ಲೆಕ್ಕ ನೋಡಿ.

100 ಕೆ.ಜಿ. ಶುದ್ಧ ಭಾರತೀಯ ಮೊನಾಜೈಟ್ ತೆಗೆದುಕೊಂಡರೆ 55ರಿಂದ 60 ಕೆ.ಜಿ. ರೇರ್ ಅರ್ತ್ ಆಕ್ಸೈಡ್, 27 ಕೆ.ಜಿ. ಆಸುಪಾಸು ರಂಜಕದ ಆಕ್ಸೈಡ್, 9 ಕೆ.ಜಿ. ಥೋರಿಯಂ ಆಕ್ಸೈಡ್, 0.35 ಕೆ.ಜಿ. ಯುರೇನಿಯಂ ಆಕ್ಸೈಡ್. ಆ 55-60ರಲ್ಲಿ ಸುಮಾರು ಅರ್ಧ ಸೀರಿಯಂ, ಐದನೇ ಒಂದು ಪಾಲಿಗಿಂತ ಹೆಚ್ಚು ಲ್ಯಾಂಥನಂ. ಇವೆರಡಕ್ಕೂ ಮಾರ್ಕೆಟ್ಟಲ್ಲಿ ಹೆಚ್ಚು ಬೆಲೆ ಇಲ್ಲ. ಮ್ಯಾಗ್ನೆಟಿಗೆ ಬೇಕಾದ ನಿಯೋಡಿಮಿಯಂ-ಪ್ರೇಸಿಯೋಡಿಮಿಯಂ ಎರಡೂ ಸೇರಿ 13 ಕೆ.ಜಿ. ಅಂದಾಜು. ಡಿಸ್ಪ್ರೋಸಿಯಂ, ಟೆರ್ಬಿಯಂ ಚೂರುಪಾರು. ಎಂದರೆ 13 ಕೆ.ಜಿ. ಬೇಕಾದ ಸಾಮಾನಿಗೆ 9 ಕೆ.ಜಿ. ಥೋರಿಯಂ ಜೊತೆಗೇ ಬರುತ್ತದೆ, ಬೇಡ ಅನ್ನಲಿಕ್ಕಿಲ್ಲ.

ಮಾಡುವ ಕ್ರಮ ಹೀಗೆ. ಮರಳನ್ನು ಸ್ಪೈರಲ್ ಎಂಬ ಸುರುಳಿ ದೋಣಿಯಲ್ಲಿ ನೀರಿನ ಜೊತೆ ಇಳಿಸಿ ಭಾರದ್ದನ್ನು ಬೇರೆ ಮಾಡ್ತಾರೆ. ಒಣಗಿಸಿ ಹೈ ಟೆನ್ಶನ್ ಸೆಪರೇಟರಿಗೆ ಹಾಕಿದರೆ ವಿದ್ಯುತ್ ಹರಿಯುವ ಇಲ್ಮನೈಟ್, ರುಟೈಲ್ ಒಂದು ಕಡೆ, ಹರಿಯದ ಜಿರ್ಕಾನ್, ಮೊನಾಜೈಟ್, ಗಾರ್ನೆಟ್, ಸಿಲ್ಲಿಮನೈಟ್ ಇನ್ನೊಂದು ಕಡೆ. ಆಮೇಲೆ ಮ್ಯಾಗ್ನೆಟಿಕ್ ಸೆಪರೇಟರ್. ಇಲ್ಲಿವರೆಗೆ ರಸಾಯನ ಇಲ್ಲ, ಧೂಳು ಮಾತ್ರ, ಆದರೆ ಆ ಧೂಳಲ್ಲೇ ಮೊನಾಜೈಟ್ ಇರುವುದರಿಂದ ಡ್ರೈಯರ್ ಹತ್ತಿರ ಕೆಲಸ ಮಾಡುವವರಿಗೆ ಮಾಸ್ಕ್, ವಿಕಿರಣ ಅಳೆಯುವ ಬ್ಯಾಜ್ ಎರಡೂ ಕಡ್ಡಾಯ.

ನಂತರ ಮೊನಾಜೈಟನ್ನು ಹಿಟ್ಟಿನ ಹಾಗೆ ಅರೆದು, ಬಿಸಿ ಕಾಸ್ಟಿಕ್ ಸೋಡಾದಲ್ಲಿ 140 ಡಿಗ್ರಿಯ ಆಚೀಚೆ ಕೆಲವು ಗಂಟೆ ಬೇಯಿಸುತ್ತಾರೆ. ಅರೆದದ್ದು ದಪ್ಪ ಉಳಿದರೆ ಒಳಗಿನ ಕಾಳು ಬೇಯುವುದಿಲ್ಲ, ಹಾಗೇ ಕಸಕ್ಕೆ ಹೋಗ್ತದೆ. ರಂಜಕ ಟ್ರೈಸೋಡಿಯಂ ಫಾಸ್ಫೇಟ್ ಆಗಿ ಬೇರೆಯಾಗ್ತದೆ, ಅದಕ್ಕೆ ಗಿರಾಕಿ ಉಂಟು. ಉಳಿದ ಹಿಂಡಿಯನ್ನು ಹೈಡ್ರೋಕ್ಲೋರಿಕ್ ಆ್ಯಸಿಡ್‌ನಲ್ಲಿ ಪಿಎಚ್ 3-4ರಲ್ಲಿ ನಿಲ್ಲಿಸಿ ಕರಗಿಸಬೇಕು. ರೇರ್ ಅರ್ತ್ ಕರಗಿ ಥೋರಿಯಂ ಗಟ್ಟಿಯಾಗಿ ಉಳಿಯುವುದು ಈ ಸಣ್ಣ ಕಿಂಡಿಯಲ್ಲಿ ಮಾತ್ರ. ಪಿಎಚ್ ಕೆಳಗೆ ಜಾರಿದರೆ ಥೋರಿಯಂ ಕೂಡ ಕರಗಿ ಮುಂದಿನ ಟ್ಯಾಂಕಿಗೆ ಹೋಗ್ತದೆ, ಮೇಲೆ ಹೋದರೆ ರೇರ್ ಅರ್ತ್ ಕಸದ ಜೊತೆ ಉಳೀತದೆ.

ದ್ರಾವಣದಲ್ಲಿ ಇನ್ನೂ ರೇಡಿಯಂ, ಸೀಸ ಇರುತ್ತದೆ. ಬೇರಿಯಂ ಸಲ್ಫೇಟ್, ಲೆಡ್ ಸಲ್ಫೈಡ್ ರೂಪದಲ್ಲಿ ಅದನ್ನು ಇಳಿಸುತ್ತಾರೆ. ತೂಕದಲ್ಲಿ ಚಿಕ್ಕ, ಆದರೆ ಇಡೀ ಕಾರ್ಖಾನೆಯಲ್ಲಿ ಅತಿ ಹೆಚ್ಚು ಗಾಮಾ ಹೊಮ್ಮಿಸುವುದು ಇದೇ ಹಿಂಡಿ. ರೇಡಿಯಂ-228ರ ಅರ್ಧಾಯುಷ್ಯ ಐದೂಮುಕ್ಕಾಲು ವರ್ಷ. ಥೋರಿಯಂ-232ರದ್ದು 1,400 ಕೋಟಿ ವರ್ಷ. ಮೊದಲನೆಯದನ್ನು ಕಾದು ತಣಿಸಬಹುದು, ಎರಡನೆಯದನ್ನು ಇಟ್ಟು ಕಾಯುವುದು ಬಿಟ್ಟರೆ ದಾರಿ ಇಲ್ಲ.

ಬೈಕಂಪಾಡಿ ಆ್ಯಸಿಡ್
ಮುಂದುವರಿದದ್ದು. ಈಗ ಕೈಯಲ್ಲಿ ಇರುವುದು ಎಲ್ಲ ಧಾತುಗಳ ಕಲಸು. ಇವುಗಳ ರಾಸಾಯನಿಕ ಗುಣ ಎಷ್ಟು ಹತ್ತಿರ ಅಂದರೆ ನಿಯೋಡಿಮಿಯಂ-ಪ್ರೇಸಿಯೋಡಿಮಿಯಂ ನಡುವೆ ಒಂದು ಹಂತದಲ್ಲಿ ಸಿಗುವ ವ್ಯತ್ಯಾಸದ ಗುಣಾಂಕ ಬರೀ 1.5ರ ಆಸುಪಾಸು. ಹಾಗಾಗಿ ಸೀಮೆಎಣ್ಣೆಯಲ್ಲಿ ಪಿ-507 ಎಂಬ ದ್ರಾವಕ ಬೆರೆಸಿ, ಮಿಕ್ಸರ್-ಸೆಟ್ಲರ್ ಎಂಬ, ಕಲಸಿ ತಿಳಿಯಾಗಲು ಬಿಡುವ ಪೆಟ್ಟಿಗೆಗಳ ಸಾಲಿನಲ್ಲಿ ಎಣ್ಣೆ ಒಂದು ಕಡೆಗೆ, ನೀರು ಎದುರಿಗೆ ಹರಿಸುತ್ತಾರೆ. ಪೆಟ್ಟಿಗೆಗಳ ಸಂಖ್ಯೆ ನೂರಾರು. ಶುರು ಮಾಡಿದ ಮೇಲೆ ಸಮತೋಲಕ್ಕೆ ಬರಲು ವಾರಗಳು ಬೇಕು. ಕರೆಂಟು ಹೋಗಿ ಒಂದು ಕಡೆ ಹರಿವು ನಿಂತರೆ ಎಣ್ಣೆ-ನೀರಿನ ನಡುವೆ ಕೊಳೆ ಕಟ್ಟಿ ಇಡೀ ಸಾಲು ಕೆಡ್ತದೆ, ಮತ್ತೆ ಮೊದಲಿನಿಂದ. ಇದನ್ನು ದಶಕಗಳ ಕಾಲ ಮಾಡಿ ಕಲಿತದ್ದೇ ಚೀನಾದ ಬಲ. ಜಗತ್ತಿನ ಗಣಿಯಲ್ಲಿ ಅವರ ಪಾಲು ಶೇ. 70ರಷ್ಟಾದರೆ ಬೇರ್ಪಡಿಸುವುದರಲ್ಲಿ ಶೇ. 90ರಷ್ಟು. 2023ರ ಡಿಸೆಂಬರಿನಲ್ಲಿ ಈ ತಂತ್ರಜ್ಞಾನವನ್ನು ಹೊರಗೆ ಕೊಡುವುದನ್ನೇ ನಿಷೇಧಿಸಿದರು.

ಆದ ಕಾರಣ "ನಮ್ಮಲ್ಲಿ ಮಣ್ಣು ಉಂಟು" ಅನ್ನುವುದರಿಂದ ಚೀನಾಕ್ಕೆ ಏನೂ ಬಿಸಿ ಮುಟ್ಟುವುದಿಲ್ಲ. ನಮ್ಮ ಕೇಂದ್ರ ಸರಕಾರದ ರೇರ್ ಅರ್ತ್ ಕಂಪನಿ ಐಆರ್‌ಇಎಲ್ 1950ರಿಂದ ಉಂಟು. ಚವರ, ಮಣವಾಳಕುರಿಚಿ, ಒಡಿಶಾದ ಛತ್ರಪುರದಲ್ಲಿ ಮರಳು, ಆಲುವಾದಲ್ಲಿ ಬೇರ್ಪಡಿಸುವ ಘಟಕ. ಆದರೂ ದೇಶದ ವಾರ್ಷಿಕ ಉತ್ಪಾದನೆ ಮೂರು ಸಾವಿರ ಟನ್ನಿನ ಒಳಗೆ. ಚೀನಾದ ಗಣಿ ಕೋಟಾ 2024ರಲ್ಲಿ 2.7 ಲಕ್ಷ ಟನ್.

ಉರ್ವ ಮಾರಿಗುಡಿ ರಸ್ತೆ
ಥೋರಿಯಂ ಕಸ ಅಂತ ಯಾಕೆ ಹೇಳ್ತೀರಿ? ಅದು ನಮ್ಮ ಮುಂದಿನ ಪರಮಾಣು ಇಂಧನ. ಚಿನ್ನ ಅದು.

ಬೈಕಂಪಾಡಿ ಆ್ಯಸಿಡ್
ಇಂಧನ ಆಗಬೇಕಾದರೆ ಮೊದಲು ಅದನ್ನು ರಿಯಾಕ್ಟರಿನಲ್ಲಿಟ್ಟು ಯುರೇನಿಯಂ-233 ಮಾಡಬೇಕು. ಅದರಿಂದ ನಡೆಯುವ ಕಲ್ಪಾಕ್ಕಂನ ಕಾಮಿನಿ 30 ಕಿಲೋವ್ಯಾಟಿನದ್ದು, ಪ್ರಯೋಗಕ್ಕೆ. ದೇಶದ ಪರಮಾಣು ಯೋಜನೆಯ ಮೂರನೇ ಹಂತ, ಎಂದರೆ ಥೋರಿಯಂ ರಿಯಾಕ್ಟರು, ಬರುವ ತನಕ ಆಲುವಾದಲ್ಲಿ ಸೈಲೋದಲ್ಲಿ ಇಟ್ಟ ಹಾಗೆ ಇಡಲೇಬೇಕು. ಮುಂದೆ ಚಿನ್ನ ಆಗಬಹುದು ಸರ್, ನಾನು ಇಲ್ಲ ಅನ್ನುವುದಿಲ್ಲ. ಇವತ್ತು ಅದನ್ನು ಇಡುವ ಜಾಗದ ಪಕ್ಕ ಯಾರ ಬಾವಿ ಉಂಟು ಎಂಬುದು ಪ್ರಶ್ನೆ.

ನೇತ್ರಾವತಿ ತಡಿ
ಈ ಮಾತನ್ನು ಮಲೇಷ್ಯಾದವರು ನಮಗಿಂತ ಮೊದಲು ಅನುಭವಿಸಿದ್ದಾರೆ. ಇಪೋ ಹತ್ತಿರದ ಬುಕಿತ್ ಮೇರಾದಲ್ಲಿ ಮಿತ್ಸುಬಿಷಿ ಪಾಲುದಾರಿಕೆಯ ಏಷ್ಯನ್ ರೇರ್ ಅರ್ತ್ ಎಂಬ ಕಾರ್ಖಾನೆ 1982ರಿಂದ ತವರದ ಗಣಿಯ ಉಳಿಕೆ ಮರಳಿನಿಂದ ಯಿಟ್ರಿಯಂ ತೆಗೆಯುತ್ತಿತ್ತು. ಥೋರಿಯಂ ಕಸವನ್ನು ಸರಿಯಾದ ಸಂಗ್ರಹಾಗಾರವೇ ಇಲ್ಲದೆ ಬಿಟ್ಟರು. ಊರವರು ಮಕ್ಕಳ ರಕ್ತದ ಕ್ಯಾನ್ಸರ್ ಪ್ರಕರಣಗಳನ್ನು ಮುಂದಿಟ್ಟು ಕೋರ್ಟಿಗೆ ಹೋದರು. 1992ಕ್ಕೆ ಹೈಕೋರ್ಟಿನಲ್ಲಿ ಗೆದ್ದರು, 1993ರಲ್ಲಿ ಮೇಲಿನ ಕೋರ್ಟಿನಲ್ಲಿ ಅದು ನಿಲ್ಲಲಿಲ್ಲ, ಆದರೂ 1994ರ ಹೊತ್ತಿಗೆ ಕಾರ್ಖಾನೆ ಮುಚ್ಚಿಯೇ ಹೋಗಿತ್ತು. ಶುಚಿ ಮಾಡಲು ಸುಮಾರು 10 ಕೋಟಿ ಡಾಲರ್. ಕಾರ್ಖಾನೆ ನಡೆದದ್ದು ಒಂದು ದಶಕ, ಕಸ ಹೂಳುವ ಕೆಲಸ ಅದಕ್ಕಿಂತ ಹೆಚ್ಚು ಕಾಲ ಹಿಡಿಯಿತು.

ಅದೇ ದೇಶದ ಕುವಾಂತಾನ್ ಹತ್ತಿರ ಲೈನಸ್ ಕಾರ್ಖಾನೆ ಬಂದಾಗ 2011-12ರಲ್ಲಿ ಜನ ಬೀದಿಗೆ ಇಳಿದದ್ದು ಇದೇ ನೆನಪಿನಿಂದ. ಮೊದಲ ಹಂತದ ಸುಡುವ-ಕರಗಿಸುವ ಕೆಲಸವನ್ನು ಲೈನಸ್ ಕೊನೆಗೆ ಆಸ್ಟ್ರೇಲಿಯಾದ ಕಲ್ಗೂರ್ಲಿಯಲ್ಲೂ ಕಟ್ಟಬೇಕಾಯಿತು. ಜನ ಗಟ್ಟಿಯಾಗಿ ಕೇಳಿದ್ದರಿಂದ ಆದದ್ದು.

ಬೈಂದೂರು ಮಳೆ
ಹಾಗಾದರೆ ಕೇರಳದ ಕರುನಾಗಪಳ್ಳಿಯಲ್ಲಿ ಎಲ್ಲರಿಗೂ ಕ್ಯಾನ್ಸರ್ ಅಂತ ಹೇಳ್ತಾರಲ್ಲ, ಅದು?

ಮುರಕಲ್ಲು
ಅದು ತಪ್ಪು. ಅಲ್ಲಿಯ ಮರಳಿನಲ್ಲೇ ಸಹಜ ವಿಕಿರಣ ಹೆಚ್ಚು. ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದವರು ದೊಡ್ಡ ಜನಸಂಖ್ಯೆಯನ್ನು ವರ್ಷಗಟ್ಟಲೆ ಹಿಂಬಾಲಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹಿನ್ನೆಲೆ ವಿಕಿರಣದಿಂದ ಹೆಚ್ಚುವರಿ ಕ್ಯಾನ್ಸರ್ ಕಾಣಲಿಲ್ಲ. ಮರಳಿನೊಳಗೆ ಬೀಗ ಹಾಕಿದ ಥೋರಿಯಂ ಬೇರೆ, ಕಾಸ್ಟಿಕ್ ಹಾಕಿ ಬಿಡಿಸಿದ ಥೋರಿಯಂ, ರೇಡಿಯಂ ಬೇರೆ. ಎರಡನ್ನೂ ಒಂದೇ ಮಾಡಿ ಹೆದರಿಸಿದರೆ ನಿಜವಾದ ಅಪಾಯ ಹೇಳುವಾಗ ಯಾರೂ ನಂಬುವುದಿಲ್ಲ.

ನೇತ್ರಾವತಿ ತಡಿ
ಒಪ್ಪಿದೆ. ಆದರೆ ಕೇರಳದ ಆಲಪ್ಪಾಡಿನವರು 2018-19ರಲ್ಲಿ ಹೋರಾಡಿದ್ದು ವಿಕಿರಣದ ಬಗ್ಗೆ ಅಲ್ಲ, ನೆಲ ಹೋಗುವುದರ ಬಗ್ಗೆ. ಕಡಲು ಮತ್ತು ಕಾಯಲಿನ (ಹಿನ್ನೀರಿನ) ನಡುವಿನ ಕಿರು ಪಟ್ಟಿ ಅದು. ತೀರದ ಮರಳು ತೆಗೆದರೆ ದಡದ ಇಳಿಜಾರು ಕಡಿದಾಗುತ್ತದೆ, ತೆರೆ ದೂರದಲ್ಲಿ ಒಡೆಯುವ ಬದಲು ದಡಕ್ಕೇ ಬಂದು ಒಡೆಯುತ್ತದೆ. ಭಾರದ ಖನಿಜ ತೆಗೆದು ಉಳಿದ ಮರಳನ್ನು ವಾಪಸ್ ತುಂಬುತ್ತೇವೆ ಅಂತ ಹೇಳ್ತಾರೆ, ಆದರೆ ದಡವನ್ನು ಹಿಡಿದಿಡುತ್ತಿದ್ದದ್ದು ಆ ಭಾರದ್ದೇ ಪದರ. ಉಳ್ಳಾಲ, ಉಚ್ಚಿಲದಲ್ಲಿ ಕಲ್ಲು ಹಾಕಿ ಹಾಕಿ ಸಾಕಾದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜೊತೆಗೆ ಮರಳಿನ ದಿಬ್ಬ ನಮ್ಮ ಸಿಹಿನೀರಿನ ತೊಟ್ಟಿ. ದಿಬ್ಬ ತಗ್ಗಿದರೆ ಸಿಹಿನೀರಿನ ಮಟ್ಟ ಒಂದು ಅಡಿ ಇಳಿದಲ್ಲಿ ಕೆಳಗಿನ ಉಪ್ಪುನೀರು ಹತ್ತಿರ ಹತ್ತಿರ 40 ಅಡಿ ಮೇಲೇರುತ್ತದೆ. ಅದು ಸಾಂದ್ರತೆಯ ಲೆಕ್ಕ, ಎಲ್ಲ ಕಡಲ ತೀರಕ್ಕೂ ಅನ್ವಯ.

ಪಡುಕೆರೆ ದೋಣಿ
ನದಿಬಾಯಿಯ ಮರಳು ದಿಬ್ಬ ತೆಗೆಯಲು ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅನುಮತಿಗೆ ಇಲ್ಲಿ ಎಷ್ಟು ಓಡಾಟ, ಮಿಷನ್ ಇಳಿಸುವ ಹಾಗಿಲ್ಲ, ಕೈಯಲ್ಲೇ ತೆಗೆಯಬೇಕು. ಇದಕ್ಕೆ ಮಾತ್ರ ಸಿಆರ್‌ಝಡ್ ಅಡ್ಡ ಬರುವುದಿಲ್ಲವಾ?

ಪಣಂಬೂರು ಬರ್ತ್
ಅದರಲ್ಲೇ ವಿನಾಯಿತಿ ಉಂಟು. 2011ರ ಅಧಿಸೂಚನೆಯಲ್ಲಿ ಮರಳು, ಕಲ್ಲು ತೆಗೆಯುವುದು ನಿಷೇಧ ಅಂತ ಹೇಳಿ, ಸಿಆರ್‌ಝಡ್ ಹೊರಗೆ ಸಿಗದ ಅಪರೂಪದ ಖನಿಜವನ್ನು ಹೊರತುಪಡಿಸಿದ್ದಾರೆ. ದೊಡ್ಡ ಬದಲಾವಣೆ ಬಂದದ್ದು 2025ರ ಸೆಪ್ಟೆಂಬರಿನಲ್ಲಿ. ಪರಮಾಣು ಖನಿಜ, ನಿರ್ಣಾಯಕ ಖನಿಜದ ಗಣಿಗಳಿಗೆ ಸಾರ್ವಜನಿಕ ಆಲಿಕೆ ಬೇಡ, ಎಷ್ಟೇ ಚಿಕ್ಕ ಗಣಿಯಾದರೂ ದೆಹಲಿಯಲ್ಲೇ ಪರಿಶೀಲನೆ ಅಂತ ಪರಿಸರ ಸಚಿವಾಲಯದ ಆದೇಶ. ಅದಕ್ಕಿಂತ ಮೊದಲು ಕನ್ಯಾಕುಮಾರಿಯ ಕಿಳ್ಳಿಯೂರು ಭಾಗದ 1,144 ಹೆಕ್ಟೇರ್ ಪ್ರಸ್ತಾವಕ್ಕೆ ಮೀನುಗಾರರು ಎದ್ದು ನಿಂತದ್ದು ಆಲಿಕೆಯ ನೋಟಿಸು ಬಂದ ಕಾರಣಕ್ಕೆ. ನೋಟಿಸೇ ಇಲ್ಲದಿದ್ದರೆ ಎಲ್ಲಿ ಎದ್ದು ನಿಲ್ಲುವುದು?

ಖಾಸಗಿಯವರು ಬಂದು ತೆಗೆಯುತ್ತಾರೆ ಎಂಬ ಮಾತೂ ಮೆಸೇಜಿನಲ್ಲಿತ್ತು. ಈಗಿನ ನಿಯಮದಲ್ಲಿ ಆಗುವುದಿಲ್ಲ. 2016ರ ನಿಯಮದಲ್ಲಿ ಭಾರ ಖನಿಜದೊಳಗೆ ಮೊನಾಜೈಟ್ ಶೇ. 0.75ಕ್ಕಿಂತ ಕಡಿಮೆ ಇದ್ದರೆ ಖಾಸಗಿಗೆ ಅವಕಾಶ ಇತ್ತು, 2019ರಲ್ಲಿ ಅದನ್ನು ಸೊನ್ನೆ ಮಾಡಿದರು. 2018ರಿಂದ ತೀರದ ಮರಳಿನ ಖನಿಜ ರಫ್ತು ಐಆರ್‌ಇಎಲ್ ಮೂಲಕವೇ ಹೋಗಬೇಕು. ಗಾರ್ನೆಟ್ ಅಂತ ಹೆಸರು ಬರೆದು ಮೊನಾಜೈಟ್ ಕಳಿಸುತ್ತಾರೆ ಎಂಬ ಅನುಮಾನವೇ ಇದಕ್ಕೆಲ್ಲ ಕಾರಣ.

ಉರ್ವ ಮಾರಿಗುಡಿ ರಸ್ತೆ
ಮತ್ತೆ ಅದೇ ರಾಗ. ಕೆಐಒಸಿಎಲ್ ಕಂಪನಿಯ ಕುದುರೆಮುಖದ ಕಬ್ಬಿಣದ ಗಣಿ ಮುಚ್ಚಿಸಿದಿರಿ, ಸಾವಿರಾರು ಕುಟುಂಬ ಬೀದಿಗೆ ಬಂತು. ಅದರ ಲೆಕ್ಕ ಯಾರೂ ಇಡಲಿಲ್ಲ.

ನೇತ್ರಾವತಿ ತಡಿ
ಕೆಲಸ ಹೋದವರ ನೋವು ಸಣ್ಣದಲ್ಲ, ಅದನ್ನು ಯಾರೂ ಅಲ್ಲಗಳೆಯಬಾರದು. ಆದರೆ ಕುದುರೆಮುಖದಿಂದ ಕಲಿಯಬೇಕಾದದ್ದು ಬೇರೆ. 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು. 67 ಕಿ.ಮೀ. ಕೊಳವೆಯಲ್ಲಿ ಪಣಂಬೂರಿಗೆ ಅದಿರಿನ ರಾಡಿ ಹರಿಯುವುದು ನಿಂತಿತು. ಲಕ್ಯಾ ಅಣೆಕಟ್ಟಿನ ಹಿಂದಿನ ಹೂಳು ಮಾತ್ರ ಇವತ್ತೂ ಅಲ್ಲೇ ಉಂಟು, ಪ್ರತಿ ಮಳೆಗಾಲ ಅದನ್ನು ಕಾಯಬೇಕು. ಅದರಲ್ಲಿ ಇರುವುದು ಕಲ್ಲಿನ ಪುಡಿ. ಚೀನಾದ ಬಾವೊಟೌ ಹತ್ತಿರ ಬಯಾನ್ ಓಬೋ ಗಣಿಯ ಕಸದ ಕೊಳದಲ್ಲಿ ಥೋರಿಯಂ, ಫ್ಲೋರೈಡ್ ಎಲ್ಲ ಸೇರಿ ಉಂಟು, ವಿಸ್ತಾರ ಸುಮಾರು 10 ಚದರ ಕಿ.ಮೀ., ಹಳದಿ ನದಿ ಹೆಚ್ಚು ದೂರವಿಲ್ಲ.

ಬೈಂದೂರು ಮಳೆ
ಡಿಸ್ಪ್ರೋಸಿಯಂ ನಮ್ಮ ಮೊನಾಜೈಟಲ್ಲಿ ಚೂರುಪಾರು ಅಂದಿರಿ, ಚೀನಾದಲ್ಲಿ ಎಲ್ಲಿಂದ ಬರ್ತದೆ?

ಮುರಕಲ್ಲು
ಜೇಡಿಯಿಂದ. ದಕ್ಷಿಣ ಚೀನಾದ ಜಿಯಾಂಗ್ಶಿ ಕಡೆ ಗ್ರಾನೈಟ್ ಕೊಳೆತು ಆದ ಜೇಡಿಯ ಕಣಗಳಿಗೆ ಡಿಸ್ಪ್ರೋಸಿಯಂನಂಥ ಭಾರದ ರೇರ್ ಅರ್ತ್ ಅಂಟಿಕೊಂಡಿದೆ, ಶೇ. 0.05ರಿಂದ 0.2. ಥೋರಿಯಂ ಕಡಿಮೆ, ತೆಗೆಯುವುದು ಸುಲಭ, ಅದೇ ಅದರ ಶಾಪ. ಗುಡ್ಡದ ಮೇಲೆ ಒಂದೆರಡು ಮೀಟರಿಗೊಂದು ಗುಂಡಿ ತೋಡಿ ಶೇ. 1ರಿಂದ 4ರ ಅಮೋನಿಯಂ ಸಲ್ಫೇಟ್ ನೀರು ಬಿಡ್ತಾರೆ. ಅಮೋನಿಯಂ ಹೋಗಿ ಜೇಡಿಗೆ ಅಂಟುತ್ತದೆ, ರೇರ್ ಅರ್ತ್ ಬಿಟ್ಟು ಬರುತ್ತದೆ. ಬುಡದಲ್ಲಿ ಕಾಲುವೆ ತೋಡಿ ಹಿಡಿದು ಟ್ಯಾಂಕಿನಲ್ಲಿ ಆಕ್ಸಾಲಿಕ್ ಆ್ಯಸಿಡ್ ಅಥವಾ ಬೈಕಾರ್ಬನೇಟ್ ಹಾಕಿ ಇಳಿಸುತ್ತಾರೆ. ಒಂದು ಟನ್ ಆಕ್ಸೈಡಿಗೆ ಏಳೆಂಟು ಟನ್ ಸಲ್ಫೇಟ್ ಗುಡ್ಡದೊಳಗೆ ಹೋಗಿರುತ್ತದೆ. ಹಿಡಿಯಲಾಗದ್ದು ಅಂತರ್ಜಲಕ್ಕೆ.

ನಮ್ಮ ಕಡೆ ಮುರಕಲ್ಲಿನ ಕೆಳಗಿನ ಶೇಡಿ ಮಣ್ಣು ಮಳೆಗೆ ನೀರು ಕುಡಿದು ಹೇಗೆ ಗುಡ್ಡ ಸಮೇತ ಜಾರ್ತದೆ ಅಂತ ಎಲ್ಲರಿಗೂ ಗೊತ್ತುಂಟು. ಅಲ್ಲಿ ಅದೇ ಕೆಲಸವನ್ನು ಪಂಪು ಇಟ್ಟು ವರ್ಷವಿಡೀ ಮಾಡ್ತಾರೆ. ಕುಸಿತ ಸಾಮಾನ್ಯ. ಗಾನ್ಝೌ ಪ್ರದೇಶ ಒಂದನ್ನೇ ಸರಿಪಡಿಸಲು 3,800 ಕೋಟಿ ಯುವಾನ್ ಬೇಕು ಅಂತ 2012ರಲ್ಲಿ ಚೀನಾದ ಅಧಿಕಾರಿಗಳೇ ಹೇಳಿದ್ದರು.

ಕಾಪು ದೀಪಸ್ತಂಭ
ಆಮೇಲೆ ಚೀನಾ ತನ್ನ ಗುಡ್ಡ ಮುಚ್ಚಿ ಆ ಕೆಲಸವನ್ನು ಗಡಿಯಾಚೆ ಮ್ಯಾನ್ಮಾರಿನ ಕಚಿನ್‌ಗೆ ದೂಡಿತು. ಪಾಂಗ್ವಾ, ಚಿಪ್ವಿ ಬೆಟ್ಟಗಳಲ್ಲಿ ಈಗ ನೀಲಿ-ಹಸಿರು ಟ್ಯಾಂಕುಗಳ ಸಾಲು. 2023ರಲ್ಲಿ ಅಲ್ಲಿಂದ ಚೀನಾಕ್ಕೆ ಹೋದದ್ದು 40 ಸಾವಿರ ಟನ್ ದಾಟಿತ್ತು. 2024ರ ಅಕ್ಟೋಬರಿನಲ್ಲಿ ಕಚಿನ್ ಸ್ವಾತಂತ್ರ್ಯ ಸೇನೆ ಪಾಂಗ್ವಾ ಹಿಡಿದುಕೊಂಡಿತು, ಡಿಸ್ಪ್ರೋಸಿಯಂ ಮಾರುಕಟ್ಟೆ ನಡುಗಿತು. ಒಂದು ಬಂಡುಕೋರ ಪಡೆಯ ಕೈಯಲ್ಲಿ ಜಗತ್ತಿನ ಇಲೆಕ್ಟ್ರಿಕ್ ಕಾರಿನ ಮೋಟಾರು ನಿಂತಿದೆ. ಕೆಳಗೆ ಥಾಯ್ಲೆಂಡಿನ ಚಿಯಾಂಗ್ ರಾಯ್‌ನ ಕೊಕ್ ನದಿಯಲ್ಲಿ 2025ರಲ್ಲಿ ಆರ್ಸೆನಿಕ್ ಮಿತಿ ಮೀರಿ ಕಂಡಿತು, ಶಾನ್ ಪ್ರಾಂತ್ಯದ ಗಣಿಗಳ ಕಡೆಗೆ ಬೆರಳು ತೋರಿಸುತ್ತಿದ್ದಾರೆ. ನದಿ ಕೆಳಗಿನವರಿಗೆ ಗಣಿಯ ಒಂದು ಪೈಸೆ ಬರುವುದಿಲ್ಲ.

ಅಡ್ಯಾರ್ ವೈಂಡಿಂಗ್
ಮೋಟಾರಿನ ಕಡೆಯಿಂದ ಒಂದು ಮಾತು. ಎಲ್ಲದಕ್ಕೂ ಡಿಸ್ಪ್ರೋಸಿಯಂ ಬೇಕಾಗಿಲ್ಲ. ನಿಯೋಡಿಮಿಯಂ-ಕಬ್ಬಿಣ-ಬೋರಾನ್ ಮ್ಯಾಗ್ನೆಟಿನ ಕ್ಯೂರಿ ಬಿಂದು (ಕಾಂತಶಕ್ತಿ ಪೂರ್ತಿ ಹೋಗುವ ಬಿಸಿ) 310 ಡಿಗ್ರಿಯ ಹತ್ತಿರ ಇದ್ದರೂ ಸಾದಾ ದರ್ಜೆಯದ್ದು 80 ಡಿಗ್ರಿ ದಾಟಿದರೆ ಎದುರು ಕಾಂತಕ್ಷೇತ್ರಕ್ಕೆ ಸೋಲಲು ಶುರು. ಕಾರಿನ ಮೋಟಾರು 150 ಮುಟ್ಟುತ್ತದೆ, ಅದಕ್ಕೆ ಡಿಸ್ಪ್ರೋಸಿಯಂ. ಒಂದು ಕಾರಿನ ಮೋಟಾರಿಗೆ 1-2 ಕೆ.ಜಿ. ಮ್ಯಾಗ್ನೆಟ್, ಅದರಲ್ಲಿ ಮೂರನೇ ಒಂದು ಪಾಲಿನಷ್ಟು ರೇರ್ ಅರ್ತ್. ಈಗ ಡಿಸ್ಪ್ರೋಸಿಯಂನ್ನು ಇಡೀ ಮ್ಯಾಗ್ನೆಟಿಗೆ ಬೆರೆಸದೆ ಮೇಲ್ಮೈಯಿಂದ ಕಾಳುಗಳ ಅಂಚಿಗೆ ಮಾತ್ರ ಇಳಿಸುವ ವಿಧಾನ ಉಂಟು, ಸಾಕಷ್ಟು ಉಳಿತಾಯ. ಪಂಪು, ಫ್ಯಾನಿಗೆ ರೇರ್ ಅರ್ತ್ ಇಲ್ಲದ ಫೆರೈಟ್ ಮ್ಯಾಗ್ನೆಟ್ ಸಾಕು, ಸೈಜು ದೊಡ್ಡದಾಗ್ತದೆ ಅಷ್ಟೇ. ಇಂಡಕ್ಷನ್ ಮೋಟಾರಿಗೆ ಮ್ಯಾಗ್ನೆಟೇ ಬೇಡ.

ಮ್ಯಾಗ್ನೆಟ್ ತಯಾರಿಯೂ ಮಕ್ಕಳಾಟವಲ್ಲ. ಲೋಹವನ್ನು ಜಲಜನಕದಲ್ಲಿ ಒಡೆಸಿ, ಜೆಟ್ ಮಿಲ್ಲಿನಲ್ಲಿ 3-5 ಮೈಕ್ರಾನಿಗೆ ಅರೆದು, ಕಾಂತಕ್ಷೇತ್ರದಲ್ಲಿ ಒತ್ತಿ, ಸಾವಿರ ಡಿಗ್ರಿ ದಾಟಿಸಿ ಕಾಯಿಸಬೇಕು. ಆ ಪುಡಿಗೆ ಗಾಳಿ ತಾಗಿದರೆ ತನ್ನಷ್ಟಕ್ಕೆ ಹೊತ್ತಿಕೊಳ್ತದೆ. ಸ್ವಲ್ಪ ಆಮ್ಲಜನಕ ಸೇರಿದರೂ ಬ್ಯಾಚು ದಂಡ. ಕೇಂದ್ರ 2025ರ ನವೆಂಬರಿನಲ್ಲಿ 7,280 ಕೋಟಿಯ ಯೋಜನೆ ಒಪ್ಪಿದೆ, ವರ್ಷಕ್ಕೆ 6,000 ಟನ್ ಗುರಿ. ವಿಶಾಖಪಟ್ಟಣದಲ್ಲಿ ಈಗ ಇರುವ ಸಮೇರಿಯಂ-ಕೋಬಾಲ್ಟ್ ಘಟಕದ ಸಾಮರ್ಥ್ಯ ವರ್ಷಕ್ಕೆ 3 ಟನ್. ನಡುವಿನ ದೂರ ನೀವೇ ಅಳೆಯಿರಿ.

ಪಣಂಬೂರು ಬರ್ತ್
ಚೀನಾದಿಂದ ಮ್ಯಾಗ್ನೆಟ್ ಬರುವಾಗ ಇನ್ನೊಂದು ತೊಡಕು ಉಂಟು. ವಿಮಾನದಲ್ಲಿ ಕಳಿಸಿದರೆ ಪೆಟ್ಟಿಗೆಯಿಂದ 4.6 ಮೀಟರ್ ದೂರದಲ್ಲಿ 0.00525 ಗಾಸ್ ದಾಟಬಾರದು, ದಾಟಿದರೆ ಸರಕು ಇಳಿಸ್ತಾರೆ. ಉತ್ತರ-ದಕ್ಷಿಣ ಎದುರುಬದುರು ಜೋಡಿಸಿ ಸುತ್ತ ಕಬ್ಬಿಣದ ತಗಡು ಹಾಕಬೇಕು. ಅದು ತಪ್ಪಿ ವಾಪಸ್ ಬಂದ ಪೆಟ್ಟಿಗೆಯ ಪರವಾನಗಿ ಅವಧಿ ಅಷ್ಟರಲ್ಲಿ ಮುಗಿದರೆ ಮತ್ತೆ ಅರ್ಜಿ.

ಉರ್ವ ಮಾರಿಗುಡಿ ರಸ್ತೆ
ಸರಿ. ಗಣಿ ಬೇಡ, ಕಾರ್ಖಾನೆ ಬೇಡ, ಆದರೆ ಮನೆ ಎದುರು ಇ-ಸ್ಕೂಟರ್ ಬೇಕು. ಚೀನಾದವನ ನದಿ, ಕಚಿನ್‌ನವನ ಗುಡ್ಡ ಹಾಳಾದರೆ ಪರವಾಗಿಲ್ಲವಾ? ಇದಕ್ಕೆ ಯಾರಾದರೂ ನೇರ ಉತ್ತರ ಕೊಡಿ.

ನೇತ್ರಾವತಿ ತಡಿ
ಪ್ರಶ್ನೆ ನ್ಯಾಯದ್ದೇ. ನನ್ನ ಉತ್ತರ: ಬೇಡ ಅಂತ ಅಲ್ಲ, ಲೆಕ್ಕ ಕೊಟ್ಟು ಮಾಡಿ ಅಂತ. ಅಗ್ಗದ ಮ್ಯಾಗ್ನೆಟ್ ಅಗ್ಗ ಆದದ್ದು ಕಸದ ಖರ್ಚನ್ನು ಬೆಲೆಯಲ್ಲಿ ಸೇರಿಸದ ಕಾರಣ. ಕ್ಯಾಲಿಫೋರ್ನಿಯಾದ ಮೌಂಟನ್ ಪಾಸ್ ಗಣಿಯ ಕೊಳವೆ ಒಡೆದು 1990ರ ದಶಕದಲ್ಲಿ ವಿಕಿರಣದ ನೀರು ಮರುಭೂಮಿಗೆ ಹರಿದಾಗ ಅಲ್ಲಿ ದಂಡ ಬಿತ್ತು, ಗಣಿ 2002ಕ್ಕೆ ನಿಂತಿತು. ದಂಡ ಇಲ್ಲದ ಕಡೆ ಕೆಲಸ ಹೋಯಿತು. ಸೀರಿಯಂ, ಲ್ಯಾಂಥನಂ ರಾಶಿ ಬಿದ್ದಿರುವಾಗ ಇನ್ನಷ್ಟು ಮರಳು ತೆಗೆಯುವ ಮೊದಲು ಈಗಾಗಲೇ ಇರುವ ಮೊನಾಜೈಟಿನಿಂದ, ಹಳೆ ಹಾರ್ಡ್ ಡಿಸ್ಕಿನಿಂದ ಎಷ್ಟು ಬರುತ್ತದೆ ಅಂತ ನೋಡಬೇಕಲ್ಲ. ಹಳೆ ಮ್ಯಾಗ್ನೆಟಿನಲ್ಲಿ ಥೋರಿಯಂ ಇಲ್ಲವೇ ಇಲ್ಲ.

ಬೈಕಂಪಾಡಿ ಆ್ಯಸಿಡ್
ಲ್ಯಾಂಥನಂಗೆ ಗಿರಾಕಿ ಇಲ್ಲವೇ ಇಲ್ಲ ಅಂತಲ್ಲ. ಕುತ್ತೆತ್ತೂರಿನ ಎಂಆರ್‌ಪಿಎಲ್‌ನಲ್ಲಿ ಇರುವಂಥ ಕ್ಯಾಟಲಿಟಿಕ್ ಕ್ರ್ಯಾಕಿಂಗ್ ಘಟಕಗಳ ವೇಗವರ್ಧಕಕ್ಕೆ ಅದು ಸೇರ್ತದೆ. ಸೀರಿಯಂ ಗಾಜು ಪಾಲಿಶಿಗೆ. ಆದರೆ ನಿಯೋಡಿಮಿಯಂಗೋಸ್ಕರ ತೆಗೆದಷ್ಟೂ ಇವು ರಾಶಿ ಬೀಳ್ತವೆ. ಮರುಬಳಕೆಯಲ್ಲಿ ತೊಡಕು ಅಂದರೆ ನಿಕ್ಕಲ್ ಲೇಪ ಮತ್ತು ಅಂಟು. ಮ್ಯಾಗ್ನೆಟನ್ನು ಜಲಜನಕದಲ್ಲಿಟ್ಟರೆ ಪುಡಿಯಾಗಿ ಉದುರುತ್ತದೆ, ಲೇಪ ಸಿಪ್ಪೆಯಾಗಿ ಜರಡಿಯಲ್ಲಿ ಉಳೀತದೆ. ಸಂಗ್ರಹ ಮಾಡುವವರು ಇಲ್ಲದ್ದೇ ಸಮಸ್ಯೆ. ಗುಜರಿಯಲ್ಲಿ ಮೋಟಾರು ಕಬ್ಬಿಣ, ತಾಮ್ರದ ಲೆಕ್ಕದಲ್ಲಿ ಹೋಗ್ತದೆ, ಮ್ಯಾಗ್ನೆಟ್ ಕುಲುಮೆಯಲ್ಲಿ ಕಿಟ್ಟ ಆಗ್ತದೆ.

ಕಾಪು ದೀಪಸ್ತಂಭ
ಚೌಕಾಸಿಯ ವಿಷಯದಲ್ಲಿ ಒಂದು ಹಳೆ ಮಾತು ಸೇರಿಸುತ್ತೇನೆ. ಮೊನಾಜೈಟ್ ರಫ್ತು ನಿಲ್ಲಿಸಿ ದೊಡ್ಡ ದೇಶಗಳನ್ನು ಕಾಯಿಸಿದವರಲ್ಲಿ ನಾವೂ ಇದ್ದೇವೆ. ತಿರುವಾಂಕೂರಿನ ಮರಳು ಗ್ಯಾಸ್ ಲೈಟಿನ ಮ್ಯಾಂಟಲಿಗಾಗಿ ಜರ್ಮನಿಗೆ ಹೋಗಲು ಶುರುವಾದದ್ದು 1909ರ ನಂತರ. ಸ್ವಾತಂತ್ರ್ಯದ ಹೊತ್ತಿಗೆ ರಫ್ತಿಗೆ ತಡೆ ಬಿತ್ತು. 1951ರಲ್ಲಿ ಬರಗಾಲಕ್ಕೆ ಗೋಧಿ ಕೇಳಿದಾಗ ಅಮೆರಿಕದ ಸಂಸತ್ತಿನಲ್ಲಿ ಬದಲಿಗೆ ಮೊನಾಜೈಟ್ ಕೊಡಲಿ ಎಂಬ ಒತ್ತಡ ಬಂತು, ನೆಹರೂ ತಡೆ ತೆಗೆಯಲಿಲ್ಲ. ಗೋಧಿ ಸಾಲವಾಗಿ ಬಂತು. ಕಚ್ಚಾ ಮಣ್ಣು ಕಳಿಸಬಾರದು, ಇಲ್ಲೇ ಸಂಸ್ಕರಿಸಬೇಕು ಅಂತ ಆಗಲೇ ತೀರ್ಮಾನ ಆಗಿತ್ತು.

ಪಡುಕೆರೆ ದೋಣಿ
ತುಂಬ ವಿಷಯ ತಿಳಿಯಿತು. ಗ್ರೂಪಿಗೆ ಹಾಕಲು ಚುಟುಕಾಗಿ ಕೇಳ್ತೇನೆ. ನಮ್ಮ ಎರಡು ಜಿಲ್ಲೆಯಲ್ಲಿ ಸದ್ಯ ಗಣಿಯ ಪ್ರಸ್ತಾವ ಉಂಟೋ ಇಲ್ಲವೋ ಅಂತ ನೋಡುವುದು ಎಲ್ಲಿ? ಕಡಲೊಳಗಿನ ಬ್ಲಾಕುಗಳು ಅಂತ ಒಂದು ಹೆದರಿಕೆ ಬೇರೆ.

ಪಣಂಬೂರು ಬರ್ತ್
ಕಡಲೊಳಗಿನ ಮೊದಲ ಹರಾಜು 2024ರ ನವೆಂಬರಿನದ್ದು, 13 ಬ್ಲಾಕು. ಗುಜರಾತ್ ಎದುರು ಸುಣ್ಣದ ಕೆಸರು ಮೂರು, ಕೇರಳದ ಕೊಲ್ಲಂ ಎದುರು ಕಟ್ಟಡದ ಮರಳು ಮೂರು, ಗ್ರೇಟ್ ನಿಕೋಬಾರ್ ಎದುರು ಲೋಹದ ಗಡ್ಡೆ ಏಳು. ಕರ್ನಾಟಕದ ಎದುರು ಒಂದೂ ಇರಲಿಲ್ಲ. 2026-27ರ ಬಜೆಟಿನಲ್ಲಿ ಹೇಳಿದ ರೇರ್ ಅರ್ತ್ ಕಾರಿಡಾರಿನ ರಾಜ್ಯಗಳು ಒಡಿಶಾ, ಕೇರಳ, ಆಂಧ್ರ, ತಮಿಳುನಾಡು.

ನೀವೇ ನೋಡುವುದಾದರೆ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲಿನಲ್ಲಿ ರಾಜ್ಯ, ಜಿಲ್ಲೆ ಆರಿಸಿ ಗಣಿ ವಿಭಾಗ ತೆರೆಯಿರಿ. ಅರ್ಜಿ ಬಂದಿದ್ದರೆ ಮೊದಲು ಪರಿಸರ ಅಧ್ಯಯನದ ನಿಬಂಧನೆಗೆ ಹಾಕಿದ ಕಡತ ಕಾಣ್ತದೆ, ಅದರಲ್ಲಿ ಸರ್ವೆ ನಂಬರು, ಅಗೆಯುವ ಆಳ, ಕಸ ಇಡುವ ಜಾಗ ಇರ್ತದೆ. ಆಲಿಕೆ ಇಲ್ಲದ ಕಾರಣ ಆಕ್ಷೇಪಣೆ ಹಾಕುವುದಾದರೆ ಆ ಹಂತದಲ್ಲೇ ತಜ್ಞರ ಸಮಿತಿಗೆ ಬರಹದಲ್ಲಿ ಕಳಿಸಬೇಕು, ಪಂಚಾಯತಿನ ಗ್ರಾಮಸಭೆಯ ನಿರ್ಣಯ ಜೊತೆಗೆ ಲಗತ್ತಿಸಿ.

ಪಡುಕೆರೆ ದೋಣಿ
ಆಯ್ತು, ಉಡುಪಿ, ದಕ್ಷಿಣ ಕನ್ನಡ ಎರಡನ್ನೂ ನೋಡಿ ಕಂಡದ್ದನ್ನು ಇಲ್ಲೇ ಹಾಕ್ತೇನೆ.